ರಂಗೋಲಿಯಲ್ಲಿ ಬಿದ್ದ ಸ್ಕೂಟರ್

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೇನೆ. ಅಗ್ರಹಾರದ ನಮ್ಮ ಹಳೆಯ ಮನೆಯಲ್ಲಿ ಬೆಳಿಗ್ಗೆ ರಂಗೋಲಿ ಬಿಡುತ್ತಿದ್ದವರು ನನ್ನ ಅಣ್ಣನ ಹೆಂಡತಿ. ಅವರು ಹೂವು, ಬಳ್ಳಿ ಬರೆದಷ್ಟಕ್ಕೇ ಮುಗಿಸುತ್ತಿರಲಿಲ್ಲ. ಹಿಂದಿನ ದಿನ ಮನೆಯಲ್ಲಿ ನಡೆದದ್ದರಲ್ಲಿ ಒಂದನ್ನು ನೆನೆದು ಬಿಡಿಸುತ್ತಿದ್ದರು: ಹಾಲು ಉಕ್ಕಿದ ಪಾತ್ರೆ, ಮಾರ್ಕೆಟ್ಟಿನಿಂದ ತಂದ ಹಲಸಿನ ಹಣ್ಣು, ಜ್ವರ ಬಿಟ್ಟು ನಗುವ ಮಗು.

"ದಿನಾ ಏನಾದ್ರೂ ಒಂದು ಸಿಕ್ಕೇ ಸಿಗುತ್ತೆ," ಎನ್ನುತ್ತಿದ್ದರು.

ಒಮ್ಮೆ ನಾನು ಹೊಸ ಸ್ಕೂಟರಿನ ಸಮೇತ ತರಕಾರಿ ಗಾಡಿಯ ಮೇಲೆ ಬಿದ್ದೆ. ಮರುದಿನ ಬಾಗಿಲ ಮುಂದೆ ರಂಗೋಲಿಯಲ್ಲಿ ಸ್ಕೂಟರ್ ಅಡ್ಡಬಿದ್ದಿತ್ತು, ಸುತ್ತ ಟೊಮೇಟೊ.

"ಏನ್ರೀ, ಗೊಜ್ಜು ಆಯ್ತಾ?" ಎಂದು ಎದುರುಮನೆಯಾತ ನಕ್ಕ.

ನಾನು ಬಕೆಟ್ ನೀರು ತಂದು ಎಲ್ಲರೆದುರು ಸುರಿದುಬಿಟ್ಟೆ.

"ತಮಾಷೆಗೆ ಬಿಟ್ಟೆ ಕಣಪ್ಪ. ನಿಂಗೇನೂ ಆಗ್ಲಿಲ್ವಲ್ಲ ಅಂತ ಖುಷಿಗೆ," ಎಂದರು ಅವರು.

"ನನ್ನ ಮಾನ ಬೀದೀಲಿ ಹಾಕ್ಬೇಡಿ," ಎಂದೆ.

ಅಂದಿನಿಂದ ತೀರಿಕೊಳ್ಳುವವರೆಗೂ ಅವರು ಬಿಟ್ಟದ್ದು ದಿನವೂ ಅದೇ ಒಂದು ಚುಕ್ಕಿ ರಂಗೋಲಿ. ಯಾರಾದರೂ ಕೇಳಿದರೆ "ಹೊಸದೇನೂ ತೋಚಲ್ಲ" ಎನ್ನುತ್ತಿದ್ದರು. ಒಳಗೆ ಕೂತ ನನಗೆ ಅದು ಕೇಳಿಸುತ್ತಿತ್ತು.

ಈಗ ರಾಮಕೃಷ್ಣನಗರದ ಮನೆಯ ಮುಂದೆ ನಾನೇ ಕೂತು, ನಿನ್ನೆಯದೊಂದನ್ನು ನೆನೆದು ರಂಗೋಲಿ ಬಿಡುತ್ತೇನೆ. ಗೆರೆ ದಪ್ಪವಾಗುತ್ತದೆ. ನಿನ್ನೆಯ ದಿನವೆಲ್ಲ ಆ ಸ್ಕೂಟರೇ ನೆನಪಾಗುತ್ತಿದ್ದುದರಿಂದ ಇವತ್ತು ಅದನ್ನೇ ಬಿಡಿಸಿದೆ, ಟೊಮೇಟೊ ಸಮೇತ. ಹಾಲಿಗೆ ಹೊರಟಿದ್ದವರು ನೋಡಿ ನಕ್ಕರು. ನಾನು ಅಳಿಸಲಿಲ್ಲ. ತಪ್ಪಾಯಿತು ಎಂಬ ಒಂದು ಮಾತೂ ಹೇಳದೆ ನಾನು ಕಳಿಸಿಕೊಟ್ಟದ್ದು ನಮ್ಮ ಅತ್ತಿಗೆಯನ್ನು.