ನಮ್ಮ ಮನೆಯ ಒಂದೇ ಓಟು

ನನ್ನ ಹೆಂಡತಿ ಒಮ್ಮೆ ಚುನಾವಣೆಗೆ ನಿಂತಿದ್ದಳು. ವಿಧಾನಸಭೆಗಲ್ಲ, ಪಂಚಾಯಿತಿಗೂ ಅಲ್ಲ. ದುಬೈಯಲ್ಲಿ ಮಗಳು ಓದುತ್ತಿದ್ದ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರಿಗೆಂದು ಒಂದು ಕುರ್ಚಿ ಇಟ್ಟಿದ್ದರು, ಅದಕ್ಕೆ. ಈ ದೇಶದಲ್ಲಿ ನಮ್ಮಂಥವರಿಗೆ ಓಟು ಹಾಕುವ ಭಾಗ್ಯ ಬೇರೆಲ್ಲೂ ಇರಲಿಲ್ಲವಾದ್ದರಿಂದ, ಕರಾಮದ ನಮ್ಮ ಕಟ್ಟಡದವರೆಲ್ಲ ಅದನ್ನು ಭಾರಿ ಗಂಭೀರವಾಗಿಯೇ ತೆಗೆದುಕೊಂಡರು.

ಅವಳು ನಿಂತದ್ದು ಕುರ್ಚಿಯ ಆಸೆಗಲ್ಲ, ಬಸ್ಸಿನ ಮೇಲಿನ ಸಿಟ್ಟಿಗೆ. ಶಾಲೆಯ ಬಸ್ಸು ಎಲ್ಲಕ್ಕಿಂತ ಮೊದಲು ಬರುತ್ತಿದ್ದದ್ದು ನಮ್ಮ ಬೀದಿಗೆ, ಬೆಳಿಗ್ಗೆ ಐದೂ ನಲವತ್ತಕ್ಕೆ. ಅಲ್ಲಿಂದ ಬರ್ ದುಬೈಯ ಗಲ್ಲಿಗಳನ್ನೆಲ್ಲ ಸುತ್ತಿ, ಮಿರ್ದಿಫ್‌ನ ವಿಲ್ಲಾಗಳ ಮಕ್ಕಳನ್ನು ಕೊನೆಗೆ ಹತ್ತಿಸಿಕೊಂಡು ಶಾಲೆ ಮುಟ್ಟುವಾಗ ಏಳು ದಾಟುತ್ತಿತ್ತು. ಮಗಳು ಎರಡನೇ ಕ್ಲಾಸು. ಅವಳನ್ನು ಎಬ್ಬಿಸುವುದೆಂದರೆ ಮೊದಲು ಕೂರಿಸುವುದು, ಕೂತಲ್ಲೇ ಹಲ್ಲುಜ್ಜಿಸುವುದು, ನಿದ್ದೆಯಲ್ಲೇ ಕಾಲಿಗೆ ಮೋಜಾ ತೊಡಿಸುವುದು. "ಫೈವ್ ಮಿನಿಟ್ಸ್ ಅಮ್ಮ" ಎಂದು ಅವಳು ಇಂಗ್ಲಿಷಿನಲ್ಲಿ ಬೇಡುತ್ತಿದ್ದಳು. ಕೆಳಗೆ ಬಸ್ಸಿನ ಆಯಾ "ಯಲ್ಲಾ ಯಲ್ಲಾ" ಎಂದು ಅವಸರಪಡಿಸಿ ಕೂಗುತ್ತಿದ್ದಳು. ಒಂದು ದಿನ ಮಗಳು ಬಾಯಿಯ ಪಕ್ಕ ಟೂತ್‌ಪೇಸ್ಟಿನ ಗೆರೆ ಇಟ್ಟುಕೊಂಡೇ ಹೋದವಳು ಮೊದಲ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ಮಲಗಿಬಿಟ್ಟಳಂತೆ. ಟೀಚರು ಡೈರಿಯಲ್ಲಿ, ಮಗುವಿಗೆ ಮನೆಯಲ್ಲಿ ಬೇಗ ಮಲಗುವ ಅಭ್ಯಾಸ ಮಾಡಿಸಿ ಎಂದು ಬರೆದು ಕಳಿಸಿದರು. ಅದನ್ನು ಓದಿದ ದಿನ ನನ್ನ ಹೆಂಡತಿ ಅನ್ನಕ್ಕೆ ಉಪ್ಪು ಹಾಕಿದಳು, ಸಾರಿಗೆ ಹಾಕಲಿಲ್ಲ.

ಶಾಲೆಗೆ ಮೂರು ಸಲ ಹೋಗಿ ಬಂದಳು. ಮೂರು ಸಲವೂ ನೋಡೋಣ ಎಂದು ನಗುಮುಖದಿಂದ ಕಳಿಸಿದರು. ಅಷ್ಟರಲ್ಲಿ ಆಡಳಿತ ಮಂಡಳಿಯ ಚುನಾವಣೆಯ ಸರ್ಕ್ಯುಲರು ಬಂತು.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ನನ್ನದು ಬರ್ ದುಬೈಯ ಒಂದು ಆಫೀಸಿನಲ್ಲಿ ಎರಡು ಹೊತ್ತಿನ ಕೆಲಸ. ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದು ಉಂಡು ಮಲಗಿ, ನಾಲ್ಕಕ್ಕೆ ಮತ್ತೆ ಹೋಗಬೇಕು. ಅಂಥ ಒಂದು ಮಧ್ಯಾಹ್ನ, ಹೆಂಡತಿ ಮಗಳನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಕೆಳಗೆ ಹೋಗಿದ್ದಾಗ, ಮಿರ್ದಿಫ್‌ನಿಂದ ನಮ್ಮ ಊರಿನ ಕಡೆಯ ಒಬ್ಬ ಹಿರಿಯರು ಕಾರು ಬಿಟ್ಟುಕೊಂಡು ಬಂದರು. ಸ್ವಂತ ವ್ಯಾಪಾರ ಇದ್ದವರು, ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಅವರ ಕೊನೆಯ ಮಗನೂ ಅದೇ ಶಾಲೆಯಲ್ಲಿದ್ದ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಎರಡು ತಿಂಗಳು ನನಗೆ ಊಟ ಹಾಕಿದವರು. ಶಾಲೆಯ ಚುನಾವಣೆಗೆ ನಾನು ನಿಂತಿದ್ದೇನೆ, ನಿನ್ನ ಓಟು ನನಗೆ ಎಂದರು. ನಮ್ಮ ಕಡೆ ಮದುವೆಗಾದರೂ ಸರಿ, ಪೂಜೆಗಾದರೂ ಸರಿ, ಫೋನಿನಲ್ಲಿ ಕರೆದರೆ ಕರೆದಂತಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಕರೆದವರಿಗೆ ಇಲ್ಲ ಎನ್ನುವ ಹಾಗಿಲ್ಲ. ನಾನು ಆಯಿತು ಎಂದುಬಿಟ್ಟೆ. ಅವರು ಬಾಳೆಕಾಯಿ ಚಿಪ್ಸ್ ತಿಂದು, ಚಹಾ ಕುಡಿದು, ಬೆನ್ನು ತಟ್ಟಿ ಹೋದರು.

ಬಸ್ಸು ಬಂದು ಅರ್ಧ ಗಂಟೆ ಆದಮೇಲೆ ಹೆಂಡತಿ ಮೇಲೆ ಬಂದಳು. ಇದು ಹೊಸತೇನಲ್ಲ. ಮಗಳನ್ನು ಇಳಿಸಿಕೊಳ್ಳಲು ಒಂದು ನಿಮಿಷ, ಉಳಿದ ತಾಯಂದಿರನ್ನು ಬೀಳ್ಕೊಡಲು ಇಪ್ಪತ್ತೊಂಬತ್ತು ನಿಮಿಷ ಅವಳಿಗೆ ಯಾವತ್ತೂ ಬೇಕಾಗುತ್ತಿತ್ತು. ಆದರೆ ಅವತ್ತು ಮುಖ ಕೆಂಪಗಾಗಿತ್ತು. ಎಲ್ಲರೂ ಸೇರಿ ತನ್ನನ್ನು ಚುನಾವಣೆಗೆ ನಿಲ್ಲಿಸಿದ್ದಾರೆ ಎಂದಳು. ಆಮೇಲೆ ಟೀಪಾಯಿಯ ಮೇಲಿದ್ದ ಎರಡು ಲೋಟ ನೋಡಿ ಯಾರು ಬಂದಿದ್ದರು ಎಂದು ಕೇಳಿದಳು. ಊರಿನವರೊಬ್ಬರು ಎಂದೆ. ಅದು ಸುಳ್ಳಲ್ಲ.

ಪ್ರಚಾರವೂ ನಮ್ಮ ಕಡೆ ಮದುವೆಗೆ ಕರೆಯುವ ಕ್ರಮದಲ್ಲೇ ನಡೆಯಿತು. ಸಂಜೆಯಾದರೆ ಅವಳು ಒಳ್ಳೆಯ ಸೀರೆ ಉಟ್ಟು, ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ಬರೆದ ಬಸ್ಸಿನ ದಾರಿಯ ನಕ್ಷೆ ಹಿಡಿದು ಮನೆಮನೆ ಹತ್ತಿಳಿದಳು. ರಜೆಯ ದಿನಗಳಲ್ಲಿ ನಾನೂ ಜೊತೆಗೆ. ಲಿಫ್ಟ್ ಕೆಟ್ಟ ಕಟ್ಟಡಗಳಲ್ಲಿ ನಕ್ಷೆ ಹೊರುವ ಕೆಲಸ ನನ್ನದು. ಮಿರ್ದಿಫ್‌ಗೆ ಬೇರೆ ಬಸ್ಸು ಹಾಕಿದರೆ ನಮ್ಮದು ಆರೂ ಇಪ್ಪತ್ತಕ್ಕೆ ಬಂದರೂ ಸಾಕು ಎಂದು ಅವಳು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸುವುದನ್ನು ನಾನು ಎಷ್ಟು ಸಲ ಕೇಳಿದೆನೆಂದರೆ, ಅವಳು ಕೆಮ್ಮಿದರೆ ಮುಂದಿನ ಮಾತು ನಾನೇ ಹೇಳುತ್ತಿದ್ದೆ. ಹೋದಲ್ಲೆಲ್ಲ ಉಪ್ಪಿಟ್ಟು, ಶೀರಾ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಖಂಡಿತ ಬರಬೇಕು, ತಪ್ಪಿಸಬಾರದು ಎನ್ನುತ್ತಿದ್ದಳು. ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ಮಗುವಿಗೆ ಎಷ್ಟನೇ ವರ್ಷದ ಹುಟ್ಟುಹಬ್ಬ ಎಂದು ವಿಚಾರಿಸಿದರು.

ಎದುರು ನಿಂತವರು ಯಾರೆಂದು ಅವಳಿಗೆ ಗೊತ್ತಾಗಲು ತಡವಾಗಲಿಲ್ಲ. ನಾನು ಮಾತು ಕೊಟ್ಟದ್ದು ಮಾತ್ರ ಗೊತ್ತಾಗಲಿಲ್ಲ. ಒಂದು ದಿನ ಧೈರ್ಯ ಮಾಡಿ ಆ ಹಿರಿಯರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, ನಿನ್ನ ಹೆಂಡತಿ ನಿಂತದ್ದು ಗೊತ್ತಾಯಿತು, ಒಳ್ಳೆಯದೇ, ಆದರೆ ನೀನು ಮಾತಿನವನು, ನನಗೆ ಚಿಂತೆಯಿಲ್ಲ ಎಂದು ನಕ್ಕು ಫೋನಿಟ್ಟರು. ಮಾತಿನವನು ಅನ್ನಿಸಿಕೊಂಡು ಅಷ್ಟು ಬೇಜಾರು ನನಗೆ ಯಾವತ್ತೂ ಆಗಿರಲಿಲ್ಲ.

ಚುನಾವಣೆಗೆ ಒಂದು ವಾರ ಇರುವಾಗ ಎರಡನೆಯ ಸರ್ಕ್ಯುಲರು ಬಂತು. ತಂದೆ ತಾಯಿ ಯಾರು ಬೇಕಾದರೂ ನಿಲ್ಲಬಹುದು. ಆದರೆ ಓಟು ಮಾತ್ರ ಮನೆಗೆ ಒಂದೇ. ಮಗುವಿನ ಅಡ್ಮಿಶನ್ ಫೈಲಿನಲ್ಲಿ ಯಾರ ಸಹಿ ಇದೆಯೋ ಅವರದ್ದು. ನಮ್ಮ ಮನೆಗಳಲ್ಲಿ ಮಕ್ಕಳ ವೀಸಾ ಅಪ್ಪನ ಹೆಸರಿನಲ್ಲಿ, ಆದ್ದರಿಂದ ಫೈಲಿನಲ್ಲಿ ಅಪ್ಪನದೇ ಸಹಿ. ಎರಡು ವಾರ ಅವಳು ಮೆಟ್ಟಿಲು ಹತ್ತಿ ಗೆದ್ದದ್ದೆಲ್ಲ ತಾಯಂದಿರನ್ನು. ಓಟುಗಳೆಲ್ಲ ಪಕ್ಕದ ಸೋಫಾದಲ್ಲಿ ಟಿವಿ ನೋಡುತ್ತ ಕೂತಿದ್ದವು. ಅವಳಿಗೇ ಓಟಿರಲಿಲ್ಲ.

ಅವಳು ಸರ್ಕ್ಯುಲರನ್ನು ಎರಡು ಸಲ ಓದಿದಳು. ನಗುತ್ತಾಳೋ ಅಳುತ್ತಾಳೋ ಎಂದು ನಾನು ನೋಡುತ್ತಿದ್ದೆ. ಕೊನೆಗೆ ನನ್ನ ಕಡೆ ತಿರುಗಿ, "ಒಂದು ಓಟಾದರೂ ಗ್ಯಾರಂಟಿ ಉಂಟಲ್ಲ" ಎಂದಳು. ನಾನು ತಲೆಯಾಡಿಸಿದೆ. ಯಾವ ದಿಕ್ಕಿಗೆ ಆಡಿಸಿದೆ ಎಂದು ನನಗೇ ನೆನಪಿಲ್ಲ.

ಚುನಾವಣೆ ಶುಕ್ರವಾರ ಬೆಳಿಗ್ಗೆ, ಆಗ ಇಲ್ಲಿ ವಾರದ ರಜೆ ಅವತ್ತೇ. ಕರಾಮದ ಗಂಡಸರು ವಾರವೆಲ್ಲ ಕಾದು ಮಲಗುವ ದಿನ ಅದು. ಅಬುಧಾಬಿಯಲ್ಲಿ ಕೆಲಸ ಮಾಡಿ ಗುರುವಾರ ಮನೆ ಸೇರುವವರಂತೂ ಮಧ್ಯಾಹ್ನದ ಜುಮ್ಮಾ ನಮಾಜಿನ ಬಾಂಗ್ ಕೇಳಿದರೂ ಏಳುತ್ತಿರಲಿಲ್ಲ. ಆದರೂ ತಾಯಂದಿರು ಬಿಡಲಿಲ್ಲ. ಮಕ್ಕಳನ್ನು ಐದೂ ನಲವತ್ತಕ್ಕೆ ಎಬ್ಬಿಸಿ ಕೈ ಪಳಗಿದವರಲ್ಲವೇ, ಗಂಡಂದಿರನ್ನೂ ಹಾಗೇ ಎಬ್ಬಿಸಿ ಮುಖ ತೊಳೆಸಿ ಕಳಿಸಿದರು. ಶಾಲೆಯ ಗೇಟಿನಲ್ಲಿ ನಿದ್ದೆಗಣ್ಣಿನ ಅಪ್ಪಂದಿರು ಸಾಲಾಗಿ ನಿಂತದ್ದನ್ನು ನೋಡಿ ಮಗಳು ನನ್ನ ಕೈ ಜಗ್ಗಿ, "ಪಪ್ಪಾ, ನೌ ಯು ನೋ" ಎಂದಳು.

ಲೈಬ್ರರಿಯಲ್ಲಿ ರಟ್ಟಿನ ಡಬ್ಬ ಇಟ್ಟಿದ್ದರು. ಬಾಗಿಲಲ್ಲೇ ಆ ಹಿರಿಯರು ನಿಂತಿದ್ದರು, ಬೆನ್ನು ತಟ್ಟಿ ಒಳಗೆ ಕಳಿಸಿದರು. ಚೀಟಿಯಲ್ಲಿ ಎರಡು ಹೆಸರು. ಒಂದು, ನನಗೆ ಎರಡು ತಿಂಗಳು ಅನ್ನ ಹಾಕಿದವರದು. ಇನ್ನೊಂದು, ಅಲ್ಲಿಂದಾಚೆ ಹಾಕುತ್ತಿರುವವಳದು. ನಾನು ಹೆಂಡತಿಯ ಹೆಸರಿನ ಮುಂದೆ ಗುರುತು ಹಾಕಿದೆ. ಮಾತು ತಪ್ಪಿದ್ದಕ್ಕೆ ನಾಚಿಕೆಯಾಯಿತು, ಹಾಕಿದ್ದಕ್ಕೆ ಆಗಲಿಲ್ಲ.

ಅವಳು ಸೋತಳು. ತುಂಬ ಅಂತರದಲ್ಲೇನಲ್ಲ. ಎಣಿಕೆ ಮುಗಿದಾಗ ಅಂಗಳದಲ್ಲಿ ಎಲ್ಲರೂ ಜ್ಯೂಸು ಹಿಡಿದು ನಿಂತಿದ್ದೆವು. ಗೆದ್ದ ಹಿರಿಯರು ನೇರ ನನ್ನ ಹತ್ತಿರ ಬಂದು, ಹೆಗಲ ಮೇಲೆ ಕೈ ಹಾಕಿ, ಹತ್ತು ಜನಕ್ಕೆ ಕೇಳುವ ಹಾಗೆ ಹೇಳಿದರು:

"ಹೆಂಡತಿಯೇ ನಿಂತಿದ್ರೂ ನನಗೆ ಕೊಟ್ಟ ಮಾತು ಉಳಿಸಿದೆ ಮಾರಾಯ. ನಾನು ಮರೆಯುವುದಿಲ್ಲ."

ಇಲ್ಲ ಎಂದರೆ ಹತ್ತು ಜನರೆದುರು ಅವರ ಮುಖಕ್ಕೆ ಹೊಡೆದಂತೆ. ಸುಮ್ಮನಿದ್ದರೆ ಪಕ್ಕದಲ್ಲೇ ಹೆಂಡತಿ. ನಾನು ಜ್ಯೂಸಿನ ಲೋಟ ಬಾಯಿಗಿಟ್ಟೆ. ಅವಳು ನನ್ನನ್ನು ನೋಡಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಹೊತ್ತು ನನ್ನನ್ನು ನೋಡಿದ್ದೇ ಇಲ್ಲ. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿದಳು.

"ಅಣ್ಣಾ, ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಓಟು. ಅದನ್ನೂ ನಿಮಗೆ ಕೊಟ್ಟಾಯ್ತು. ಇನ್ನು ನಮ್ಮ ಬಸ್ಸು ನೀವೇ ನೋಡ್ಬೇಕು."

ಎಂದವಳೇ ಅವತ್ತೂ ನಾನೇ ಹೊತ್ತುಕೊಂಡಿದ್ದ ನಕ್ಷೆಯನ್ನು ನನ್ನ ಕಂಕುಳಿಂದ ಎಳೆದು ಅವರ ಕೈಗೆ ಇಟ್ಟಳು. ಹತ್ತು ಜನ ನೋಡುತ್ತಿದ್ದರು. ಅವರು ಬೇರೇನು ಹೇಳಿಯಾರು, ಖಲಾಸ್, ಆಯಿತು ಅಂತಲೇ ತಿಳಿ, ಅದನ್ನು ಮಾಡಿಸುವುದು ನನ್ನ ಜವಾಬ್ದಾರಿ ತಂಗಿ ಎಂದರು.

ಟ್ಯಾಕ್ಸಿಯಲ್ಲಿ ಮಗಳು ನಡುವೆ ಕೂತು ನಿದ್ದೆಹೋದಳು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಎರಡು ಲೋಟದ ವಿಷಯ, ಫೋನಿನ ವಿಷಯ, ಕೊನೆಗೆ ಚೀಟಿಯ ಮೇಲೆ ಯಾರ ಹೆಸರಿಗೆ ಗುರುತು ಹಾಕಿದೆ ಎಂಬುದನ್ನೂ. ಅವಳು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು.

"ಅದನ್ನು ಯಾರಿಗೂ ಹೇಳ್ಬೇಡಿ, ಬಸ್ಸು ಬರುವ ತನಕ" ಎಂದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಮಿರ್ದಿಫ್‌ಗೆ ಬೇರೆ ಬಸ್ಸು ಹೊರಟಿತು. ನಮ್ಮದು ಆರೂ ಇಪ್ಪತ್ತಕ್ಕೆ ಬಂತು. ಮಗಳು ಕಣ್ಣು ಬಿಟ್ಟುಕೊಂಡು, ಎರಡೂ ಜಡೆ ಸಮನಾಗಿ ಹಾಕಿಸಿಕೊಂಡು ಬಸ್ಸು ಹತ್ತಿ ನಮಗೆ ಕೈ ಬೀಸಿದಳು. ಬಸ್ಸು ತಿರುವು ದಾಟಿದ ಮೇಲೆ ನಾನು ಹೆಂಡತಿಗೆ, ಬಸ್ಸು ಬಂತಲ್ಲ, ಅವತ್ತು ನಾನು ಹೇಳಿದ್ದನ್ನು ನೀನು ನಂಬಿದೆ ತಾನೇ ಎಂದು ಕೇಳಿದೆ. ಅವಳು ನಕ್ಕು, ನಿಮಗೆ ಆಫೀಸಿಗೆ ಹೊತ್ತಾಯಿತು ಎಂದು ಮೆಟ್ಟಿಲು ಹತ್ತಿದಳು. ಎಷ್ಟೋ ವರ್ಷಗಳಾದವು, ಇನ್ನೂ ಉತ್ತರ ಹೇಳಿಲ್ಲ. ನಾನು ಅವಳಿಗೇ ಓಟು ಹಾಕಿದ್ದೆ. ಅವಳು ಓದಲಿ ಎಂದೇ ಇಲ್ಲಿ ಬರೆದಿದ್ದೇನೆ.