ಜುಂಜಮ್ಮ ತೊಳೆದ ಫೋನು

ಹರಿಯಬ್ಬೆಯ ಆಚೆ, ಜಾಲಿಗಿಡಗಳ ನಡುವೆ ಇರುವ ಹಟ್ಟಿಯಲ್ಲಿ ಜುಂಜಮ್ಮ ಅಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅರವತ್ತು ದಾಟಿದ ಹೆಂಗಸು. ಹತ್ತು ವರ್ಷಕ್ಕೇ ಕುರಿ ಹಿಂದೆ ಬಿದ್ದವಳು, ಸ್ಲೇಟು ಮುಟ್ಟಿದವಳಲ್ಲ. ಒಮ್ಮೆ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ ಬೇರೆ ಬಸ್ಸು ಹತ್ತಿ ಹೊಸದುರ್ಗದಲ್ಲಿ ಇಳಿದಿದ್ದಳು. ಕಂಡಕ್ಟರ್ ನಕ್ಕಿದ್ದ. ಆ ನಗು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಮೊಮ್ಮಗಳು ದೀಪಾ ಕುರಿ ಕಾಯಬಾರದು, ಓದಲೇಬೇಕು ಎಂದು ಮಗ ಗೋವರ್ಧನನ ಜೊತೆ ಜಗಳ ಮಾಡಿ ಶಾಲೆಗೆ ಹಾಕಿಸಿದವಳೂ ಇವಳೇ. ಆ ಹುಡುಗಿಯ ಓದಿಗೆ ಕಲ್ಲು ಹಾಕಿದವಳೂ ಇವಳೇ.

ದೀಪಾ ಮೂರನೇ ತರಗತಿಯಲ್ಲಿದ್ದಾಗ ಕೊರೊನಾ ಬಂತು, ಶಾಲೆಗೆ ಬೀಗ ಬಿತ್ತು. ಪಾಠವೆಲ್ಲ ಇನ್ನು ಫೋನಿನಲ್ಲಿ ಎಂದು ರಾಜಕುಮಾರ್ ಮೇಷ್ಟ್ರು ಹಿರಿಯೂರಿನ ತಮ್ಮ ಮನೆಯಲ್ಲೇ ಕೂತು ಹೇಳಿ ಕಳಿಸಿದರು. ಗೋವರ್ಧನ ಗೊಣಗುತ್ತಲೇ ಎರಡು ಟಗರು ಮಾರಿ ಫೋನು ತಂದ. ಹಟ್ಟಿಯೊಳಗೆ ಸಿಗ್ನಲ್ಲೇ ಇಲ್ಲ. ಇದ್ದದ್ದು ಹೊರಗಿನ ದಿಬ್ಬದ ಮೇಲೆ ಮಾತ್ರ. ಹೊರಗಾದ ಹೆಂಗಸರು ತಿಂಗಳಿಗೆ ಮೂರು ದಿನ ಇರುವ ಗುಡಿಸಲು ಇದ್ದದ್ದೂ ಅಲ್ಲೇ. ದೀಪಾ ಅಲ್ಲಿ ಹೊಂಗೆಮರದ ಕೊಂಬೆಗೆ ಫೋನನ್ನು ದಾರದಲ್ಲಿ ಕಟ್ಟಿ, ಕೆಳಗೆ ಕೂತು ಪಾಠ ಕೇಳುತ್ತಿದ್ದಳು. ತಾಯಿ ಮಂಗಳಾ ಹೊರಗಾದ ದಿನಗಳಲ್ಲಿ ಮಗಳ ಪಕ್ಕದಲ್ಲೇ ಕೂತು ತಾನೂ ಕೇಳುತ್ತಿದ್ದಳು.

ಆ ಗುಡಿಸಲಿನಿಂದ ಬಂದದ್ದು ಯಾವುದೂ ನೀರು ಕಾಣದೆ ಹಟ್ಟಿಯೊಳಗೆ ಬರುವ ಹಾಗಿಲ್ಲ. ತಟ್ಟೆ, ಚೊಂಬು, ಕಂಬಳಿ, ತಾಯಿಯನ್ನು ಮುಟ್ಟಿದ ಮಗು, ಎಲ್ಲಕ್ಕೂ ಅದೇ ನಿಯಮ. ಫೋನಿಗೆ ಏನು ಮಾಡಬೇಕೆಂದು ಹಿರಿಯರು ಹೇಳಿರಲಿಲ್ಲ, ಅವರ ಕಾಲದಲ್ಲಿ ಫೋನೇ ಇರಲಿಲ್ಲ. ಆದರೆ ಒಂದು ವಾರದಲ್ಲಿ ನಾಲ್ಕು ಕುರಿ ಸತ್ತವು. ಹಟ್ಟಿಯ ಯಜಮಾನ ಮುದ್ದಪ್ಪನಿಗೆ ಕಾರಣ ಕೂಡಲೇ ಹೊಳೆಯಿತು. ಇಂಥವರಿಗೆ ಕಾರಣಗಳು ಯಾವಾಗಲೂ ಹೆಂಗಸರ ಮೈಯಲ್ಲೇ ಹೊಳೆಯುತ್ತವೆ.

"ಜುಂಜಮ್ಮ, ನಿಮ್ಮನೆ ಫೋನು ಮೈಲಿಗೆ ಮಾಡ್ಕೊಂಡು ಹಂಗೇ ಒಳಕ್ಕೆ ಬರ್ತೈತೆ. ದೇವ್ರು ಸುಮ್ಕಿರ್ತಾನೇನು?" ಎಂದ.

ಹಟ್ಟಿಯ ಎದುರು ತಲೆ ತಗ್ಗಿಸುವುದು ಜುಂಜಮ್ಮನಿಗೆ ಸಾವಿಗಿಂತ ಕಡೆ. ಆ ಸಲ ಮಂಗಳಾ ಹೊರಗಾದ ನಾಲ್ಕನೆಯ ದಿನ ಬೆಳಿಗ್ಗೆ ಕೊಂಬೆಯಿಂದ ಫೋನು ಬಿಚ್ಚಿದಳು. ನೀರು ಬಿದ್ದರೆ ಕೆಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಹನಿ ಚಿಮುಕಿಸಿ ಮುಗಿಸಬಹುದಿತ್ತು. ಆದರೆ ಯಾರಾದರೂ ಬೊಟ್ಟು ಮಾಡಿಯಾರೆಂದು ಮೈಲಿಗೆ ಬಟ್ಟೆ ಒಗೆಯುವ ಬಾನಿಗೆ ಸೊಸೆಯ ಕಂಬಳಿಯ ಜೊತೆಗೇ ಹಾಕಿ ಅದ್ದಿದಳು.

ಮಗ ಬಂದು ಕೂಗಾಡಿದಾಗ ಧೈರ್ಯ ಸತ್ತುಹೋಯಿತು. "ನಿನ್ನ ಮಗಳು ಕಂಬಳಿ ಮಡಿಕೇಲಿ ಬಿಟ್ಟಿದ್ಲು ಕಣೋ, ನಂಗೇನು ಗೊತ್ತು?" ಎಂದುಬಿಟ್ಟಳು. ಕೊಂಬೆಗೆ ಕಟ್ಟಿದ್ದೆ ಎಂದು ದೀಪಾ ಎಷ್ಟು ಅತ್ತರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋವರ್ಧನ ಕುರಿ ಕಟ್ಟುವ ಹಗ್ಗದಿಂದಲೇ ಬಾರಿಸಿದ. ಎಂಟು ವರ್ಷದ ಕೂಸು! ಜುಂಜಮ್ಮ ಕಂಬಳಿ ಹಿಂಡುತ್ತ ನಿಂತಿದ್ದಳು.

ಇನ್ನೊಂದು ಫೋನು ಬರಲಿಲ್ಲ. ಮೇಷ್ಟ್ರೂ ಬರಲಿಲ್ಲ. ದೀಪಾ ಕುರಿ ಹಿಂದೆ ಹೋದಳು. ಪರೀಕ್ಷೆಯಿಲ್ಲದೆ ಪಾಸಾಗುತ್ತ, ಶಾಲೆಯ ಬೀಗ ತೆರೆಯುವಷ್ಟರಲ್ಲಿ ಐದನೇ ತರಗತಿಗೆ ಬಂದಿದ್ದಳು. ಮೊದಲ ದಿನ ಪಾಠ ಓದಲು ಎಬ್ಬಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ನಾಲಿಗೆ ನಿಂತಿತು. "ಫೋನಿಗೆ ಸ್ನಾನ ಮಾಡಿಸಿದ ಮಹಾತಾಯಿ ಇವಳೇ ಏನ್ರೋ?" ಎಂದರು ಮೇಷ್ಟ್ರು. ತರಗತಿಯೆಲ್ಲ ಹೋ ಎಂದಿತು. ಮರುದಿನ ಅವಳನ್ನು ಒಂದನೇ ತರಗತಿಯ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಮೂರನೆಯ ದಿನ ದೀಪಾ ಶಾಲೆಗೆ ಹೋಗಲಿಲ್ಲ.

ಗೋವರ್ಧನನಿಗೆ ಅದೇ ಬೇಕಿತ್ತು. ಕುರಿಗಳನ್ನು ಭರಮಸಾಗರದ ಕಡೆ ಮೇಯಿಸಲು ಹೊಡೆದುಕೊಂಡು ಹೋಗುವ ಹೊತ್ತು. "ಇವಳೂ ಬರ್ಲಿ ಬಿಡು, ಅಡುಗೆಗೆ ಆಗ್ತಾಳೆ" ಎಂದ. ಈಗ ಹೋದರೆ ಬೇಸಿಗೆ ತನಕ ವಾಪಸ್ಸಿಲ್ಲ, ಆಮೇಲೆ ಶಾಲೆಯ ಮುಖ ನೋಡುವುದೂ ಇಲ್ಲ. ಇದು ಜುಂಜಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಮಕ್ಕಳನ್ನು ಮತ್ತೆ ಶಾಲೆಗೆ ಕಳಿಸುವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಹಟ್ಟಿಯ ತಂದೆತಾಯಿಗಳೆಲ್ಲ ಶಾಲೆಯ ಅಂಗಳದಲ್ಲಿ ಸೇರಿದ್ದರು, ಮಂಗಳಾ, ಮುದ್ದಪ್ಪ ಕೂಡ. ಜುಂಜಮ್ಮ ಮೊಮ್ಮಗಳನ್ನು ದರದರ ಎಳೆದುಕೊಂಡು ನುಗ್ಗಿದಳು. ಗೋವರ್ಧನನೂ ಹಿಂದೆಯೇ ಓಡಿಬಂದ.

"ಯಾಕ್ರೀ ಮೇಷ್ಟ್ರೇ, ಐದ್ನೇ ಕ್ಲಾಸಿನ ಹುಡುಗೀನ ಮೂಗು ಸುರಿಸೋ ಮಕ್ಕಳ ಜೊತೆ ಕೂರಿಸೀರಿ?"

"ಅಕ್ಷರ ಬರಲ್ಲ, ಅದಕ್ಕೆ. ಫೋನು ಕೆಟ್ಟ ಮೇಲೆ ಒಂದಿನಾನೂ ಪಾಠಕ್ಕೆ ಬಂದಿಲ್ಲ. ಒಂದು ಫೋನು ಜೋಪಾನ ಮಾಡಾಕೆ ಆಗದವಳು ಇನ್ನೇನು ಓದ್ತಾಳೆ? ಕುರಿ ಕಾಯ್ಲಿ ಬಿಡ್ರಿ."

"ನೀವು ಎಷ್ಟು ದಿನ ಹಟ್ಟಿ ಕಡೆ ತಲೆ ಹಾಕಿದ್ರಿ? ಮನೇಲಿ ಕುಂತು ಸಂಬಳ ತಿಂದೋರು ನೀವು!"

ಮೇಷ್ಟ್ರ ಮುಖ ಕೆಂಪಾಯಿತು. ಗೋವರ್ಧನ ಮಧ್ಯೆ ಬಂದು ಮಗಳ ರಟ್ಟೆ ಹಿಡಿದ. "ಅವ್ವ, ಮರ್ಯಾದೆ ಕಳೀಬ್ಯಾಡ. ತಪ್ಪು ಇವಳದೇ ಐತೆ. ನಡಿಯೇ."

ದೀಪಾ ಯಾರ ಮುಖವನ್ನೂ ನೋಡಲಿಲ್ಲ. "ಹೌದು. ಫೋನು ಕಂಬಳೀಲಿ ಬಿಟ್ಟಿದ್ದು ನಾನೇ. ಹೋಗಾಣ ನಡಿ ಅಪ್ಪ" ಎಂದಳು.

ಮಾಡದ ತಪ್ಪನ್ನು ಹುಡುಗಿ ತನ್ನದೆಂದು ಹೊತ್ತುಕೊಂಡದ್ದನ್ನು ಜುಂಜಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ದಿನ ಹೊಟ್ಟೆಯಲ್ಲಿ ಕೊಳೆಯುತ್ತಿದ್ದ ಮಾತು ಕಿತ್ತುಕೊಂಡು ಬಂತು.

"ಸುಳ್ಳು! ಕೊಂಬೇಲಿದ್ದ ಫೋನು ಬಿಚ್ಚಿ ನೀರಿಗೆ ಹಾಕಿದೋಳು ನಾನು. ಕೆಡ್ತೈತೆ ಅಂತ ಗೊತ್ತಿದ್ದೇ ಹಾಕ್ದೆ. ಈ ಮುದ್ದಪ್ಪನ ಬಾಯಿಗೆ ಹೆದರಿ ಹಾಕ್ದೆ, ನಿನಗೆ ಹೆದರಿ ಮಗೂ ಮೇಲೆ ಹೇಳ್ದೆ ಕಣೋ ಗೋವರ್ಧನ. ಬೈಯಂಗಿದ್ರೆ ನನ್ನ ಬೈರಿ. ಇವಳನ್ನ ಬಿಡ್ರಿ."

"ದೇವ್ರ ನಿಯಮ..." ಎಂದು ಮುದ್ದಪ್ಪ ಬಾಯಿ ತೆರೆದ. ಮಂಗಳಾ ತಿರುಗಿ ನೋಡಿದ ನೋಟಕ್ಕೆ ಮುಚ್ಚಿದ. ಗೋವರ್ಧನನ ಕೈ ಮಗಳ ರಟ್ಟೆಯಿಂದ ತಾನಾಗಿಯೇ ಜಾರಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಕ್ಷಮೆ ಕೇಳುವಷ್ಟು ದೊಡ್ಡ ಮನುಷ್ಯರಲ್ಲ ಅವರು. "ಹೋಗಮ್ಮ, ಒಳಗೆ ಕುಂತ್ಕ" ಎಂದಷ್ಟೇ ಹೇಳಿದರು.

ಜುಂಜಮ್ಮ ಸೆರಗಿನಿಂದ ಮೊಮ್ಮಗಳ ಮುಖ ಒರೆಸಲು ಹೋದಳು. ದೀಪಾ ಆ ಕೈಯನ್ನು ಸರಿಸಿದಳು. ಅವಳ ದನಿಯಲ್ಲಿ ಅಳು ಇರಲಿಲ್ಲ.

"ಅಪ್ಪ ಹಗ್ಗದಾಗೆ ಹೊಡೆಯುವಾಗ ನೀನು ಅಲ್ಲೇ ನಿಂತಿದ್ದೆ ಅಜ್ಜಿ."

ಅಷ್ಟು ಹೇಳಿ ಒಳಗೆ ಹೋಗಿ, ಒಂದನೇ ತರಗತಿಯ ಮಕ್ಕಳ ಸಾಲಿನಲ್ಲಿ ಕೂತು ಪುಸ್ತಕ ತೆರೆದಳು.