ತುದಿಯ ಅಂಟು

ನನ್ನ ಕೈ ಸಡಿಲ ಅಂತ ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು. ನೇಕಾರರ ಮನೆಯಲ್ಲಿ ಹೆಣ್ಣಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಲಾಳಿಯಲ್ಲಿಡುವ ಕಂಡಿಕೆಗೆ ಸುತ್ತಿದ ನೂಲು ಕಲ್ಲಿನ ಹಾಗೆ ಬಿಗಿಯಾಗಿರಬೇಕು. ನಾನು ಸುತ್ತಿದ್ದು ಲಾಳಿಯೊಳಗೆ ಜಾರಿ ಗಂಟುಗಂಟಾಗುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕೂತ ನನ್ನ ಗಂಡ ಒಂದು ಮಾತೂ ಆಡದೆ ಆ ಗಂಟು ಬಿಡಿಸುತ್ತಿದ್ದರು. ಮಾತಾಡದಿರುವುದು ಅವರ ಒಳ್ಳೆಯ ಗುಣ ಅಂತ ಆಗ ನಾನು ನಂಬಿದ್ದೆ.

ಅದು ಮೂವತ್ತರ ದಶಕ. ಕೊಯಮತ್ತೂರಿನ ಸುತ್ತ ಗಿರಣಿಗಳು ಏಳುತ್ತಿದ್ದವು, ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ಸದ್ದು ನಿಲ್ಲಿಸುತ್ತಿದ್ದವು. ಮಾವ ಯೋಚಿಸಿ ಯೋಚಿಸಿ, ಪಲ್ಲಡಂ ಕಡೆಯಿಂದ ಹೊಗೆಸೊಪ್ಪು ತರಿಸಿ ಮನೆಯಲ್ಲೇ ಚುಟ್ಟ ಸುತ್ತುವುದು ಅಂತ ತೀರ್ಮಾನಿಸಿದರು. ಉಕ್ಕಡಂ ಕೆರೆ ಹತ್ತಿರದ ಅಂಗಡಿಯವನೊಬ್ಬ ಮಾರಿಕೊಡಲು ಒಪ್ಪಿದ. ನಮ್ಮ ಮನೆಯಲ್ಲಿ ಚುಟ್ಟ ಸೇದುವವರು ಒಬ್ಬರೂ ಇರಲಿಲ್ಲ, ಅದು ಬೇರೆ ವಿಷಯ. ಮಾವನಿಗೂ ಅತ್ತೆಗೂ ವೀಳ್ಯದೆಲೆಯೇ ಆಗಬೇಕು.

ಮೊದಲ ಕಂತು ಹೆಚ್ಚುಕಡಿಮೆ ಹಾಗೇ ವಾಪಸು ಬಂತು. ಸೇದಿದರೆ ಕೆನ್ನೆ ಗುಳಿ ಬೀಳುತ್ತದೆಯೇ ಹೊರತು ಹೊಗೆ ಬರುವುದಿಲ್ಲವಂತೆ. ಬರುವುದಾದರೂ ಹೇಗೆ? ಹುಟ್ಟಿದಾಗಿನಿಂದ ಬಿಗಿಯಾಗಿ ನೂಲು ಸುತ್ತಿದ ಕೈಗಳು ಎಲೆಯನ್ನೂ ಹಾಗೇ ಬಿಗಿದಿದ್ದವು. ಒಳಗೆ ಗಾಳಿ ಆಡಲು ಸಂದೇ ಇರಲಿಲ್ಲ. ಗಂಡ ಪೊರಕೆ ಕಡ್ಡಿ ಚುಚ್ಚಿ ದಾರಿ ಮಾಡಲು ಹೋಗಿ ಅರ್ಧಕ್ಕರ್ಧ ಸೀಳಿಹಾಕಿದರು. ಮೂಲೆಯಲ್ಲಿ ಕೂತು ನಾನು ಸುತ್ತಿದ ಒಂದು ಹಿಡಿ ಮಾತ್ರ ಸರಾಗವಾಗಿ ಉರಿಯಿತು ಅಂತ ಅಂಗಡಿಯವನು ಹೇಳಿ ಕಳಿಸಿದ. ಒಳಗಿನ ಎಲೆಯ ನಾರು ತೆಗೆದು, ಉದ್ದಕ್ಕೆ ಜೋಡಿಸಿ, ಮೇಲೆಲೆಯನ್ನು ಮೆತ್ತಗೆ ಹೊದಿಸುವುದು, ಅಷ್ಟೇ ನಾನು ಮಾಡಿದ್ದು. ನನ್ನ ಸಡಿಲ ಕೈಗೆ ಕೊನೆಗೂ ಒಂದು ಬೆಲೆ ಬಂತು. ಅಂದಿನಿಂದ ಅಂಗಡಿಗೆ ಹೋಗುವ ಚುಟ್ಟವೆಲ್ಲ ನಾನು ಸುತ್ತುವ ಮಣೆಯಿಂದಲೇ ಹೋಗಬೇಕು. ನಾನು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಮುಖ ತಿರುಗಿಸಿಕೊಂಡು ಓಡಾಡಿದರು.

ಆಷಾಢದ ಹೊತ್ತಿನ ಆಡಿ ಮಾಸ ಕಳೆದ ಮೇಲೆ ಹೊಸ ದೂರು ಶುರುವಾಯಿತು. ಅಂಗಡಿಯವನೇ ಮನೆಗೆ ಬಂದು ಕಟ್ಟನ್ನು ಜಗಲಿಯ ಮೇಲೆ ಎಸೆದ.

“ಎನ್ನ ಅಯ್ಯಾ ಇದು, ಒರೇ ಕಸಪ್ಪು!” ಅಂದ ತಮಿಳಿನಲ್ಲಿ. ಬರೀ ಕಹಿಯಂತೆ, ಬಾಯಿಗಿಟ್ಟವರು ಉಗಿದು ಹೋಗುತ್ತಾರಂತೆ.

ಮಾವ ಸೊಪ್ಪನ್ನು ಬೈದರು. ಹಸಿ ಬಿಟ್ಟಿಲ್ಲ ಅಂತ ಮತ್ತೆ ಒಣಗಿಸಿದರು, ಕರಿಬೆಲ್ಲದ ನೀರು ಚಿಮುಕಿಸಿ ಮತ್ತೆ ರಾಶಿ ಹಾಕಿ ಗೋಣಿ ಮುಚ್ಚಿ ಹದಕ್ಕೆ ಬಿಟ್ಟರು. ಆದರೂ ಕಹಿ. ಆಗ ಅತ್ತೆ ಬಾಯಿ ಬಿಟ್ಟರು.

“ಸೊಪ್ಪನ್ನ ಯಾಕೆ ಬೈತೀರ? ಸುತ್ತೋ ಕೈಯೇ ಕಸಪ್ಪು. ಇವಳ ಕೈಗುಣ ಅದು.”

ಮರುದಿನದಿಂದ ನಾನು ಅರಿಶಿನದ ನೀರಿನಲ್ಲಿ ಕೈ ತೊಳೆದೇ ಮಣೆ ಮುಂದೆ ಕೂರಬೇಕು. ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ಹಬ್ಬದ ಪಾಯಸಕ್ಕೆ ಸೌಟು ಹಾಕುವ ಹಾಗಿಲ್ಲ. ಬೀದಿಯ ಹೆಂಗಸರು ನನ್ನ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಳ್ಳುವಾಗ ಒಂದು ಗಳಿಗೆ ತಡೆಯತೊಡಗಿದರು.

ಒಂದು ಮಧ್ಯಾಹ್ನ ಎಲ್ಲರೂ ಬೀದಿಯಲ್ಲಿ ಮಗ್ಗದ ಹಾಸಿನ ಉದ್ದ ನೂಲು ಎಳೆದು ಬಿಗಿಯುತ್ತಿದ್ದಾಗ ನಾನು ಮಗ್ಗದ ಹಿಂದೆ ಕೂತು ಒಂದು ಚುಟ್ಟವನ್ನು ಬಾಯಿಗಿಟ್ಟೆ. ಹಚ್ಚಿರಲಿಲ್ಲ, ಆದರೂ ತುಟಿಗೆ ತಾಗಿದ್ದೇ ತಡ, ಕಹಿ ನೆತ್ತಿಗೇರಿತು. ಇನ್ನೊಂದು ತುದಿ ಕಚ್ಚಿ ನೋಡಿದೆ. ಅಲ್ಲಿ ಹೊಗೆಸೊಪ್ಪಿನ ಖಾರ ಇತ್ತು, ಈ ಕಹಿ ಇರಲಿಲ್ಲ. ಕಹಿ ಇದ್ದದ್ದು ಬಾಯಿಗಿಡುವ ಕಡೆ, ಮೇಲೆಲೆ ಬಿಚ್ಚದಂತೆ ಅಂಟು ಹಚ್ಚುವ ಜಾಗದಲ್ಲಿ ಮಾತ್ರ. ಅಂಟಿನ ಬಟ್ಟಲಿಗೆ ಬೆರಳದ್ದಿ ನೆಕ್ಕಿದೆ. ಬೇವು!

ನಮ್ಮ ಮನೆಯ ಅಂಟು ಅಂದರೆ ಹಾಸಿನ ನೂಲಿಗೆ ಹಚ್ಚಿ ಮಿಕ್ಕ ಗಂಜಿ. ಮಳೆ ಶುರುವಾಗಿ ಹುಳು, ಜಿರಲೆ ಹೆಚ್ಚಾದಾಗ ನೂಲು ತಿನ್ನದಿರಲಿ ಅಂತ ಅತ್ತೆ ಆ ಗಂಜಿಗೆ ಬೇವಿನ ಸೊಪ್ಪು ಹಾಕಿ ಕುದಿಸುತ್ತಿದ್ದರು. ಅದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ನೂಲಿಗೆ ನಾಲಿಗೆ ಇಲ್ಲ, ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ.

ಗಂಡನನ್ನು ಒಳಗೆ ಕರೆದು ಬಟ್ಟಲು ಮುಂದೆ ಹಿಡಿದೆ. ನೆಕ್ಕಿ ನೋಡಿದರು. ಮುಖ ಹಿಂಡಿಕೊಂಡರು.

“ಗೊತ್ತಾಯ್ತಲ್ಲ? ಈಗಲೇ ಹೋಗಿ ಹೇಳಿ,” ಅಂದೆ.

“ಅವ್ವನ ಹತ್ರ ಬೇಡ. ವಯಸಾದವ್ರು, ನೊಂದ್ಕೊಳ್ತಾರೆ. ನಾಳೆಯಿಂದ ನಾನೇ ಅನ್ನ ಅರೆದು ಅಂಟು ಮಾಡಿಕೊಡ್ತೀನಿ.”

“ಮತ್ತೆ ನನ್ನ ಕೈ?”

“ಚುಟ್ಟ ಸರಿಹೋದ್ರೆ ತಾನಾಗೇ ಮರೀತಾರೆ ಬಿಡು.”

ಚುಟ್ಟ ಸರಿಹೋಯಿತು. ಅಂಗಡಿಯವನು ಇನ್ನಷ್ಟು ಕೇಳಿದ. ಅರಿಶಿನದ ನೀರಿನಿಂದ ದೋಷ ಕಳೆಯಿತು ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಬೆಳಿಗ್ಗೆ ಎದ್ದು ಗಂಡ ಹಿತ್ತಿಲಲ್ಲಿ ಕದ್ದುಮುಚ್ಚಿ ಅನ್ನ ಅರೆಯುವುದು, ನಾನು ಎಲ್ಲರ ಕಣ್ಣೆದುರು ಅರಿಶಿನದಲ್ಲಿ ಕೈ ತೊಳೆಯುವುದು, ಹೀಗೆ ನಡೆಯಿತು ನಮ್ಮ ಸಂಸಾರ. ಪಾಯಸದ ಸೌಟು ಮಾತ್ರ ನನ್ನ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ ಗಂಡ, “ಸ್ವಲ್ಪ ದಿನ ತಾಳ್ಕೋ,” ಅನ್ನುತ್ತಿದ್ದರು.

ಅಷ್ಟರಲ್ಲಿ ನಾದಿನಿ ಹೆರಿಗೆಗೆ ಬಂದಳು. ಗಂಡು ಮಗು ಹುಟ್ಟಿತು. ಹುಟ್ಟಿದ ಮಗುವಿನ ನಾಲಿಗೆಗೆ ಮೊದಲ ಸಲ ಬೆಲ್ಲದ ನೀರು ಮುಟ್ಟಿಸುವುದನ್ನು ನಮ್ಮ ಕಡೆ ಸೇನೆ ಇಡುವುದು ಅನ್ನುತ್ತಾರೆ. ಯಾರು ಮುಟ್ಟಿಸಿದರೋ ಅವರ ಗುಣ ಮಗುವಿಗೆ ಬರುತ್ತದಂತೆ. ಅದಕ್ಕೇ ಯಾರು ಇಡಬೇಕು ಅಂತ ಮನೆಯವರು ಯೋಚಿಸಿ ಕರೆಯುತ್ತಾರೆ.

ನಾದಿನಿ ಮಲಗಿದಲ್ಲಿಂದಲೇ, “ಅತ್ತಿಗೆನೇ ಇಡಲಿ ಅವ್ವಾ,” ಅಂದಳು. ಹೆರಿಗೆಯ ನೋವು ತಿನ್ನುವಾಗ ರಾತ್ರಿಯೆಲ್ಲ ನನ್ನ ಕೈ ಹಿಡಿದುಕೊಂಡಿದ್ದವಳು ಅವಳು.

ನಾನು ಬಟ್ಟಲಿಗೆ ಬೆರಳು ಅದ್ದಿದೆ. ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದರು.

“ಈ ಕೈ ಬೇಡ. ಗಂಡು ಮಗು, ನಾಳೆ ನಾಲ್ಕು ಜನರ ಜೊತೆ ಬಾಳಬೇಕು.”

ಬಾಗಿಲಲ್ಲಿ ಗಂಡ ನಿಂತಿದ್ದರು. ನಾನು ಅವರನ್ನೇ ನೋಡಿದೆ. ಬೇವಿನ ಗಂಜಿ ಅಂತ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು. ನಾನು ಹೇಳಿದರೆ ಅದು ಬಾಯಿಬಡುಕಿ ಸೊಸೆಯ ಜಗಳ; ಅವರು ಹೇಳಿದರೆ ಮನೆಮಗನ ಮಾತು. ಅವರು ನನ್ನ ಕಡೆ ನೋಡಲಿಲ್ಲ. ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು.

“ನೀನೇ ಇಡವ್ವಾ,” ಅಂದರು.

ಬೇವಿನ ಗಂಜಿ ಕದಡಿದ ಬೆರಳಿನಿಂದಲೇ ಅತ್ತೆ ಬೆಲ್ಲದ ನೀರು ಮುಟ್ಟಿಸಿದರು. ಮಗು ಚಪ್ಪರಿಸಿತು, ಎಲ್ಲರೂ ನಕ್ಕರು. ನನ್ನ ಬೆರಳಿನ ಬೆಲ್ಲ ಹಾಗೇ ಒಣಗುತ್ತಿತ್ತು. ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಗಂಡ ಎಂದಿನಂತೆ ಅನ್ನದ ಅಂಟಿನ ಬಟ್ಟಲು ತಂದು ನನ್ನ ಮಣೆಯ ಪಕ್ಕ ಇಟ್ಟರು. ಅದನ್ನು ಅವರ ಮಗ್ಗದ ಗುಂಡಿಯ ಅಂಚಿಗೆ ತಳ್ಳಿ, “ಇನ್ನು ಮೇಲೆ ನೀವೇ ಸುತ್ತಿಕೊಳ್ಳಿ,” ಅಂದೆ. ಅವರು ಸುತ್ತಿದ ಚುಟ್ಟದಲ್ಲಿ ಹೊಗೆ ಬರುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.